ಗೋಪಾಲಪ್ಪ ಮೇಷ್ಟ್ರ ಬೈಫರ್ಕೇಷನ್

ಅರವತ್ತೈದನೇ ಇಸವಿಯ ಒಂದು ಶನಿವಾರ ಟಪಾಲಿನಲ್ಲಿ ಬಂದದ್ದು ಎರಡೇ ಎರಡು ಸಾಲಿನ ಇಂಗ್ಲಿಷ್ ಕಾಗದ. ಗೋಪಾಲಪ್ಪ ಮೇಷ್ಟ್ರು ಮೊದಲ ಸಾಲಿನಲ್ಲೇ ಮುಗ್ಗರಿಸಿದರು. ‘ನಿಮ್ಮ ಶಾಲೆಯ ಬೈಫರ್ಕೇಷನ್‌ಗೆ ಆದೇಶವಾಗಿದೆ.’ ಬೈಫರ್ಕೇಷನ್! ಅವರು ಓದಿದ ಇಂಗ್ಲಿಷಿನಲ್ಲಿ ಆ ಪದ ಎಲ್ಲೂ ಎದುರಾಗಿರಲಿಲ್ಲ. ಗಾಬರಿಯಲ್ಲಿ ಎರಡನೇ ಸಾಲು ಓದುವುದೇ ಮರೆತುಹೋಯಿತು. ಪಾಪ, ಹೋದ ವಾರವಷ್ಟೇ ಸ್ವಂತ ಮನೆಗೆ ಹೆಂಚು ಹೊದಿಸಿದ್ದರು. ಈಗ ವರ್ಗವಾದರೆ ಗತಿಯೇನು?

ಬೆಂಗಳೂರಿನ ಮಿಲ್ಲೊಂದರಲ್ಲಿ ಆರು ತಿಂಗಳಿದ್ದು ಬಂದಿದ್ದ ಪಕ್ಕದ ಮನೆ ಅಪ್ಪಯ್ಯಣ್ಣ ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿದ.

“ಇದು ಶಾಲೆ ಮುಚ್ಚೋ ಆರ್ಡರ್ರು ಮೇಷ್ಟ್ರೇ. ನಮ್ ಮಿಲ್ನಲ್ಲೂ ಹಿಂಗೇ ಉದ್ದುದ್ದ ಪದ ಹಾಕಿ ಮನೆಗ್ ಕಳಿಸಿದ್ರು.”

ಎದುರುಮನೆ ಪಿಳ್ಳಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. “ಅಯ್ಯೋ ನನ್ನಪ್ಪಾ! ನಿಮ್ಮ ಹಿತ್ತಲ ಅವರೆಕಾಯಿ ನಾನ್ ನೋಡ್ಕೊಂತೀನಿ ಬುಡಿ!”

“ನಾನಂತೂ ಈ ಮನೆ ಬಿಟ್ಟು ಬರಲ್ಲ,” ಎಂದಳು ಹೆಂಡತಿ ಲಕ್ಕಮ್ಮ. “ನೀವೊಬ್ರೇ ಹೋಗಿ.”

ಮೇಷ್ಟ್ರು ಬಸ್ಸು ಹಿಡಿದು ವಿಜಯಪುರದ ರಿಟೈರ್ಡ್ ಹೆಡ್‌ಮಾಸ್ಟರ್ ವೆಂಕಟರಾಯಪ್ಪನವರ ಮನೆಗೆ ಓಡಿದರು. ಆ ಪದ ಕಂಡದ್ದೇ ತಡ, ಮುದುಕರು ಕಾಗದ ಪಕ್ಕಕ್ಕಿಟ್ಟು ಕಣ್ಣರಳಿಸಿದರು.

“ಆಹಾ! ಬೈ ಅಂದ್ರೆ ಎರಡು. ಫರ್ಕ ಅಂದ್ರೆ ಲ್ಯಾಟಿನ್ನಲ್ಲಿ ಕವೆಗೋಲು ಕಣಯ್ಯಾ! ದಾರಿ ಕವಲೊಡೆದ್ರೂ ಇದೇ ಪದ, ಹೊಳೆ ಕವಲೊಡೆದ್ರೂ ಇದೇ ಪದ. ಒಡೆದು ಚೂರಾದ್ರೆ ಮಾತ್ರ ಬಳಸಕೂಡ್ದು.”

“ಶಾಲೆ ಮುಚ್ಚಲ್ಲ ತಾನೇ ಸಾರ್?”

“ಮುಚ್ಚೋದೆಲ್ಲಿ ಬಂತು? ಒಂದಿದ್ದದ್ದು ಎರಡಾಗುತ್ತೆ!”

ಪಾಠ ಮುಗಿಯುವಷ್ಟರಲ್ಲಿ ಬಸ್ಸು ಹೋಗಿತ್ತು. ಮೇಷ್ಟ್ರು ಸಿಳ್ಳೆ ಹಾಕುತ್ತಾ ನಡೆದೇ ಬಂದರು. ಜಗಲಿಯ ಮೇಲೆ ಊರೇ ಸೇರಿತ್ತು. ಅಪ್ಪಯ್ಯಣ್ಣ ಬೀಳ್ಕೊಡುವುದಕ್ಕೆ ಚೆಂಡುಹೂವಿನ ಹಾರವನ್ನೂ ಕಟ್ಟಿಸಿಟ್ಟಿದ್ದ. ಮೇಷ್ಟ್ರು ಬೇಲಿಯ ಪಕ್ಕದ ಕವೆಗೋಲು ಎತ್ತಿ ಹಿಡಿದರು.

“ನೋಡ್ರಪ್ಪಾ, ಒಂದು ಬುಡ, ಎರಡು ಕವಲು. ಬೈಫರ್ಕೇಷನ್ ಅಂದ್ರೆ ಇಷ್ಟೇ.”

“ಥೂ, ಬೇಲಿ ಕೋಲಿಗೆ ಇಷ್ಟುದ್ದ ಹೆಸರಾ!” ಎಂದಳು ಪಿಳ್ಳಮ್ಮ.

“ಇನ್ನೊಂದು ಸಾಲೂ ಓದ್ಬುಡಿ ಮೇಷ್ಟ್ರೇ,” ಎಂದ ಅಪ್ಪಯ್ಯಣ್ಣ.

ಮೇಷ್ಟ್ರು ಎದೆಯುಬ್ಬಿಸಿ, ಕನ್ನಡ ಮಾಡಿ ಓದತೊಡಗಿದರು. “ಒಂದು ಭಾಗ ಕೆರೆಯಾಚೆಯ ಹೊಸಹಳ್ಳಿಯಲ್ಲಿ ಬೆಳಗ್ಗೆ. ಇನ್ನೊಂದು ಇಲ್ಲೇ ಮಧ್ಯಾಹ್ನ. ಎರಡಕ್ಕೂ...” ದನಿ ಇಳಿಯಿತು. “ಎರಡಕ್ಕೂ ಗೋಪಾಲಪ್ಪನವರೇ.”

ಹೊಸಹಳ್ಳಿಗೆ ಮೂರು ಮೈಲಿ. ಬಸ್ಸಿಲ್ಲ. ಪಿಳ್ಳಮ್ಮ ಕವೆಗೋಲಿನ ಬುಡ ಮುಟ್ಟಿ ನೋಡಿ, “ಹಂಗಾದ್ರೆ ಇದು ನೀವೇ ಅನ್ನಿ!” ಎಂದಳು. ಜಗಲಿಯೆಲ್ಲ ಗೊಳ್ಳೆಂದಿತು.

“ಸದ್ಯ, ಮನೆ ಬಿಡೋ ಹಂಗಿಲ್ವಲ್ಲ,” ಎಂದು ಲಕ್ಕಮ್ಮ ನಿಟ್ಟುಸಿರುಬಿಟ್ಟಳು. ಹೂವು ದಂಡವಾಗಬಾರದೆಂದು ಅಪ್ಪಯ್ಯಣ್ಣ ಹಾರವನ್ನು ಮೇಷ್ಟ್ರ ಕೊರಳಿಗೇ ಹಾಕಿಬಿಟ್ಟ.

ಮೇಷ್ಟ್ರು ಸವೆದ ಚಪ್ಪಲಿ ನೋಡಿಕೊಂಡು ನಕ್ಕರು. “ಈ ಹಾರಾನ ಒಣಗಿಸಿ ಇಡೇ ಲಕ್ಕಮ್ಮಾ. ನನಗಿನ್ನು ದಿನಾ ಬೆಳಗ್ಗೆ ವರ್ಗ, ದಿನಾ ಮಧ್ಯಾಹ್ನ ವಾಪಸ್ಸು!”