ಹೋಗುವವಳ ಬಗ್ಗೆ ಒಂದು ಒಳ್ಳೆಯ ಮಾತು

ಉಷಾರಾಣಿ ಮಾಡಿದ ತಪ್ಪು ಒಂದೇ. ಕೆಲಸ ಬಿಡುವವರು ಒಂದು ತಿಂಗಳು ಮೊದಲೇ ತಿಳಿಸಬೇಕೆಂಬ ನಿಯಮವನ್ನು ನಂಬಿ, ತಿಳಿಸಿಬಿಟ್ಟಳು. ಕುಶಾಲನಗರದ ಆ ಕಾಫಿ ಮಂಡಿಯಲ್ಲಿ ನಿಯಮ ನಂಬಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ಅಂದಿನಿಂದ ಎಲ್ಲರೂ ಅವಳನ್ನು, ತಿಥಿಯೂಟಕ್ಕೆ ಎಲೆ ಹಾಕಿದ ಮೇಲೆ ಎದ್ದು ಬಂದ ಹೆಣವನ್ನು ನೋಡುವಂತೆ ನೋಡತೊಡಗಿದರು. ಕೊನೆಯ ದಿನ ಅವಳು ಶಿರಂಗಾಲದ ಬಸ್ಸಿಳಿದು ಬರುವಷ್ಟರಲ್ಲಿ ಆಸ್ತಿ ಪಾಲಾಗಿತ್ತು. ಅವಳ ಟೇಬಲ್ ಫ್ಯಾನು ಗೋದಾಮಿನ ಚಿದಾನಂದನ ಕಡೆ ಗಾಳಿ ಬೀಸುತ್ತಿತ್ತು. ಅವಳ ಕುರ್ಚಿಯಲ್ಲಿ ಲೆಕ್ಕ ಬರೆಯುವ ಕಾತ್ಯಾಯನಿ ಕೂತಿದ್ದಳು.

"ನಂಗೆ ಬೆನ್ನು ನೋವು ಕಣೇ. ನೀನು ಹೆಂಗೂ ಹೋಗೋಳು."

ಉಷಾರಾಣಿ ನಕ್ಕು ಒಂದು ಕಾಫಿ ಮೂಟೆಯ ಮೇಲೆ ಕೂತಳು. ನಗದೆ ವಿಧಿಯಿರಲಿಲ್ಲ. ಸಿದ್ದಾಪುರದ ಹೊಸ ಮಂಡಿಯ ಮಾಲೀಕ ಬೊಳ್ಳಪ್ಪನವರು ಸಂಜೆಯೊಳಗೆ ಇಲ್ಲಿನ ಮ್ಯಾನೇಜರ್ ನವೀನ್‌ಕುಮಾರ್‌ಗೆ ಫೋನ್ ಮಾಡಿ ಅವಳ ಬಗ್ಗೆ ವಿಚಾರಿಸುವವರಿದ್ದರು. ನವೀನ್‌ಕುಮಾರ್ ಒಂದು ಒಳ್ಳೆಯ ಮಾತಾಡಿದರೆ ನಾಳೆಯಿಂದ ಅಲ್ಲಿ ಕೆಲಸ. ಇಲ್ಲದಿದ್ದರೆ ಅದೂ ಇಲ್ಲ, ಇದೂ ಇಲ್ಲ. ಇಲ್ಲಿ ಅವಳ ಜಾಗಕ್ಕೆ ಮ್ಯಾನೇಜರರ ಹೆಂಡತಿಯ ತಂಗಿ ರಂಜಿತಾ ಆಗಲೇ ಬಂದಾಗಿತ್ತು.

ಬಂದ ಕಾಫಿ ಒಣಗಿದೆಯೋ ಒದ್ದೆಯೋ ಎಂದು ಮಿಷನ್ನಿನಲ್ಲಿ ನೋಡುವುದು ಉಷಾರಾಣಿಯ ಕೆಲಸ. ಹೇಳಿಕೊಡಲು ಹೋದರೆ ರಂಜಿತಾ ಮಿಷನ್ನಿನೊಳಗೆ ಬೀಜದ ಬದಲು ಟೀ ಚೆಲ್ಲಿದಳು. ನವೀನ್‌ಕುಮಾರ್ ಓಡಿ ಬಂದು, ಹೋಗುವ ಹೊತ್ತಿನಲ್ಲಿ ಹೊಟ್ಟೆಕಿಚ್ಚಿನಿಂದ ಮಿಷನ್ ಹಾಳು ಮಾಡಬಾರದೆಂದು ಉಷಾರಾಣಿಗೇ ಬುದ್ಧಿ ಹೇಳಿದರು. ಅವಳು ತಪ್ಪಾಯಿತೆಂದು ಒಪ್ಪಿಕೊಂಡು ಒರೆಸಿದಳು.

ಒಪ್ಪಿಕೊಂಡಿದ್ದೇ ತಡ, ಮಂಡಿಯ ಹಳೆಯ ಪಾಪಗಳೆಲ್ಲ ವಾರಸುದಾರರನ್ನು ಹುಡುಕಿಕೊಂಡು ಬಂದವು. ಮಧ್ಯಾಹ್ನ ಬೆಳೆಗಾರ ಜವರಯ್ಯ ಬಂದು, ಹೋದ ವಾರ ತೂಕ ಕಮ್ಮಿ ಬಂತೆಂದು ಜಗಳ ತೆಗೆದ. ತೂಕ ಹಾಕಿದ್ದ ಚಿದಾನಂದ ಕಣ್ಣು ಮಿಟುಕಿಸದೆ ಮೂಟೆಯ ಮೇಲೆ ಕೂತಿದ್ದ ಉಷಾರಾಣಿಯ ಕಡೆ ಕೈ ತೋರಿಸಿದ. "ಅವ್ರೇ ನೋಡಿ. ಅದಕ್ಕೇ ಇವತ್ತು ಬಿಡಿಸ್ತಾ ಇದೀವಿ."

ಜವರಯ್ಯ ಅವಳನ್ನು ಮೇಲಿಂದ ಕೆಳಗೆ ನೋಡಿದ. "ನೋಡೋಕೆ ಹಸು ಹಂಗಿದ್ದೀಯಲ್ಲವ್ವ."

ಒಳಗೆ ನವೀನ್‌ಕುಮಾರ್ ಕೂತಿದ್ದರು. ಉಷಾರಾಣಿ ಹಸುವಿನಂತೆಯೇ ತಲೆಯಾಡಿಸಿದಳು.

ಬೀಳ್ಕೊಡುಗೆಗೆಂದು ಕೇಕು ತರಿಸಿದ್ದರು, ಅವಳ ದುಡ್ಡಿನಲ್ಲಿ. ಅವಳು ಗೋದಾಮಿನಲ್ಲಿ ಮೂಟೆ ಎಣಿಸಿ ಬರುವಷ್ಟರಲ್ಲಿ ಬೀಳ್ಕೊಡುಗೆ ಮುಗಿದು, ಡಬ್ಬದಲ್ಲಿ ಕ್ರೀಮು ಮೆತ್ತಿದ ಚಾಕು ಮಾತ್ರ ಉಳಿದಿತ್ತು. ತುಂಬಾ ಚೆನ್ನಾಗಿ ಮಾತಾಡಿದೆವು ನಿನ್ನ ಬಗ್ಗೆ ಎಂದು ಕಾತ್ಯಾಯನಿ ತುಟಿ ಒರೆಸಿಕೊಂಡಳು.

ಕೊನೆಗೂ ಫೋನ್ ಬಂತು. ನವೀನ್‌ಕುಮಾರ್ ಗಂಟಲು ಸರಿಮಾಡಿಕೊಂಡರು. ಉಷಾರಾಣಿ ಮೂಟೆಯ ಮೇಲಿಂದಲೇ ಕಿವಿಗೊಟ್ಟಳು.

"ಅಂಥೋರು ಸಿಗಲ್ಲ ಸಾರ್. ಒದ್ದೆ ಕಾಫಿ ಒಂದು ಮೂಟೇನೂ ಒಳಗೆ ಬಿಟ್ಟೋರಲ್ಲ. ನಮ್ಮ ಓನರ್ ಭಾವನ ಲೋಡನ್ನೇ ವಾಪಸ್ ಕಳಿಸಿದ್ರು. ಯಾರ ಮುಲಾಜೂ ಇಲ್ಲ."

ಅವಳ ಕಣ್ಣು ತುಂಬಿತು. ಕುರ್ಚಿ, ಫ್ಯಾನು, ಕೇಕು, ಎಲ್ಲವನ್ನೂ ಆ ಕ್ಷಣದಲ್ಲೇ ಕ್ಷಮಿಸಿದಳು. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವಳ ಫೋನೇ ಬಡಿದುಕೊಂಡಿತು. ಬೊಳ್ಳಪ್ಪನವರು.

"ನೋಡಮ್ಮ, ನಿಮ್ಮ ಮ್ಯಾನೇಜರ್ ಎಲ್ಲ ಹೇಳಿದ್ರು. ಒಣಗಿದ್ದರ ಜೊತೆ ಒಂಚೂರು ಒದ್ದೆ ಬೆರೆಸಿದ್ರೇನೇ ನಮಗೆ ನಾಲ್ಕು ಕಾಸು. ಎಲ್ಲ ವಾಪಸ್ ಕಳಿಸ್ತಾ ಕೂತ್ರೆ ನಾನು ಮಂಡಿ ಮುಚ್ಚಬೇಕಾಗ್ತದೆ. ನಿಮ್ಮಂಥೋರು ನಮಗೆ ಆಗಲ್ಲ, ಬೇಜಾರು ಮಾಡ್ಕೋಬೇಡಿ."

ನವೀನ್‌ಕುಮಾರ್ ಮನೆಗೆ ಹೊರಡಲು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು. ಉಷಾರಾಣಿ ಅಡ್ಡ ನಿಂತು, ತಡವರಿಸುತ್ತ ಕೇಳಿದಳು. "ಸಾರ್, ಅವ್ರಿಗೆ ಇನ್ನೊಂದು ಸಲ ಫೋನ್ ಮಾಡಿ, ನಾನು ಅಷ್ಟೇನೂ ಒಳ್ಳೆಯವಳಲ್ಲ ಅಂತ ಹೇಳ್ತೀರಾ?"

ನವೀನ್‌ಕುಮಾರ್ ಮುಖದಲ್ಲಿ ನಿಜವಾದ ನೋವು ಕಾಣಿಸಿತು.

"ಅದು ಮಾತ್ರ ಕೇಳಬೇಡಿ ಮೇಡಂ. ಕೆಲಸ ಬಿಟ್ಟು ಹೋಗೋರ ಬಗ್ಗೆ ಕೆಟ್ಟದಾಗಿ ಮಾತಾಡೋ ಪದ್ಧತಿ ನಮ್ಮ ಆಫೀಸಲ್ಲಿ ಇಲ್ಲ."