ಮಂಗಳವಿಲ್ಲದ ಸಂಗೀತಕ್ಕೆ ಕೂತ ಮಾವ

ನನ್ನ ಸೋದರಮಾವನನ್ನು ಕೂರಿಸುವುದು ಸುಲಭ, ಎಬ್ಬಿಸುವುದು ಬ್ರಹ್ಮನಿಗೂ ಆಗದ ಕೆಲಸ. ಭಜನೆ ಶುರುವಾದರೆ ಮಂಗಳಾರತಿ ಪದ ಹಾಡಿ ಮುಗಿಸುವವರೆಗೆ ಏಳಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಉಳಿದವರು ಇದನ್ನು ಗುಡಿಯಲ್ಲಿ ಪಾಲಿಸಿದರೆ, ಮಾವ ನಾವು ದುಡಿಯಲು ಬಂದ ಗೋವಾದ ವಾಸ್ಕೋದಲ್ಲಿ ಕ್ಯಾಸೆಟ್ ಅಂಗಡಿಯ ಮುಂದೆಯೂ ಪಾಲಿಸುತ್ತಿದ್ದರು. ಒಮ್ಮೆ, “ಇದೊಂದು ಮುಗೀಲಿ ತಡೀ” ಎಂದು ಎರಡು ಬಸ್ಸು ಬಿಟ್ಟರು. ಅಂಗಡಿಯವನು ಕ್ಯಾಸೆಟ್ ತಿರುವಿ ಹಾಕಿದ!

ಆದರೆ ಅತ್ತೆ ತೀರಿಕೊಂಡ ಮೇಲೆ ಮಾವ ತಾವು ಮಾತ್ರ ಹಾಡಲಿಲ್ಲ. ವಾಸ್ಕೋದ ಮಂಗೋರ್ ಹಿಲ್ ಕೇರಿಯ ನಮ್ಮ ಭಜನೆಯಲ್ಲಿ ಮಂಗಳದ ಪದ ಅವರದೇ. ಎಲ್ಲರೂ ಅವರನ್ನು ನೋಡುವರು, ಅವರು ನೆಲ ನೋಡುವರು. ಕೊನೆಗೆ ನಾನು ಹಾಡುತ್ತಿದ್ದೆ. ನನ್ನ ದನಿ ಎದ್ದರೆ ಜನ ಆರತಿ ಬಿಟ್ಟು ಚಪ್ಪಲಿ ಹುಡುಕುತ್ತಿದ್ದರು. “ನಮ್ಮಣ್ಣ ಇನ್ನ ಹಾಡೂದಿಲ್ಲೇನೋ” ಎಂದು ಅವ್ವ ಮರುಗುತ್ತಿದ್ದಳು.

ತೊಂಬತ್ತರ ದಶಕದ ಶುರುವಿನ ಒಂದು ಚಳಿಗಾಲ. ಅಂಜುನಾ ಸಮುದ್ರದಂಡೆಯಲ್ಲಿ ಕನ್ನಡಿ ಹೊಲಿದ ಚೀಲ ಮಾರುತ್ತಿದ್ದ ಮಾವನನ್ನು ಕರೆತರಲು ಸಂಜೆ ಹೋದೆ. ತೆಂಗಿನ ಮರಗಳ ನಡುವೆ ಬಿಳಿ ಚಾದರ ಕಟ್ಟಿದ್ದರು. ವಿದೇಶಿಯೊಬ್ಬ ಮೇಜಿನ ತುಂಬ ಕರೆಂಟಿನ ವಾದ್ಯ ಹರಡಿಕೊಂಡು, ಆಯಾ ಗಳಿಗೆಗೆ ತೋಚಿದ ಸದ್ದು ಹುಟ್ಟಿಸುತ್ತಿದ್ದ. ಅವನ ಗೆಳತಿ ಗಾಜಿನ ತಟ್ಟೆಯಲ್ಲಿ ಬಣ್ಣದ ನೀರು ಕದಡಿ ಚಾದರದ ಮೇಲೆ ಬೆಳಕು ಬಿಡುತ್ತಿದ್ದಳು. ಆ ಬೆಳಕಿನ ದಾರಿಯಲ್ಲೇ ಮಾವ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಬಿಳಿ ಅಂಗಿಯ ಬೆನ್ನ ಮೇಲೆ ಹಸಿರು, ನೇರಳೆ ಹರಿಯುತ್ತಿತ್ತು.

“ಏಳ್ರಿ ಮಾಮಾ, ಬಸ್ ಹೋಕ್ಕೈತಿ.”

“ನಡುವ ಹೆಂಗ ಏಳಲೋ? ಮಂಗಳ ಯಾವಾಗಂತ ಕೇಳು.”

ಕೇರಿಯಲ್ಲಿ ನಾನು ಇಂಗ್ಲಿಷ್ ಪಂಡಿತ. ಬಂದರಿನಲ್ಲಿ ಮೂಟೆ ಹೊರುತ್ತ ಕಲಿತ ಪಾಂಡಿತ್ಯ. “ವೆನ್ ಫಿನಿಶ್?” ಎಂದೆ. ಅವನು ನಕ್ಕು, ಇದಕ್ಕೆ ಕೊನೆಯೇ ಇಲ್ಲ ಎಂದ.

“ಮುಗ್ಯೂದಽ ಇಲ್ಲಂತ್ರಿ.”

“ಹಂಗಾರ ಕುಂದ್ರು.”

ಕೂತೆ. ತೂಕಡಿಸಿ ಬೆಳಕಿಗೆ ಅಡ್ಡ ವಾಲಿದೆ. ಬಾಯಿ ತೆರೆದ ನನ್ನ ನೆರಳು ಚಾದರದ ತುಂಬ ಬಿತ್ತು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಬೆಳಗಾಯಿತು. ಬಿಸಿಲಿಗೆ ಬಣ್ಣಗಳು ಮಾಸಿದವು. ದಣಿದ ವಿದೇಶಿ ಹೇಗೆ ನಿಲ್ಲಿಸಬೇಕೆಂದು ತಿಳಿಯದೆ ಒಂದೇ ಸ್ವರ ಹಿಡಿದು ನಿಂತಿದ್ದ.

“ಪಾಪ, ಇವಂಗ ಮಂಗಳ ಬರೂದಿಲ್ಲ” ಎಂದರು ಮಾವ. ಎದ್ದರು. ಕಿವಿಗೆ ಕೈ ಹಚ್ಚಿ ಹಾಡತೊಡಗಿದರು.

ದನಿ ಒಡೆಯಿತು, ನಿಂತಿತು, ಮತ್ತೆ ಎದ್ದಿತು. ನಾನು ತಾಳ ಹಾಕಿದೆ. ವಿದೇಶಿ ತನ್ನ ಸ್ವರವನ್ನು ಮೆಲ್ಲಗೆ ತಗ್ಗಿಸುತ್ತ ಅವರ ದನಿಯ ಹಿಂದೆ ನಡೆದ. ಪದ ಮುಗಿದಾಗ ಸಮುದ್ರದ ಸದ್ದು ಮಾತ್ರ ಇತ್ತು.

ಬಸ್ಸಿನಲ್ಲಿ ಮಾವ ಕಿಟಕಿಯತ್ತ ಮುಖ ಮಾಡಿಯೇ ಹೇಳಿದರು: “ದವಾಖಾನ್ಯಾಗ ನಿಮ್ಮತ್ತಿ ಮಂಗಳ ಹಾಡ್ರಿ ಅಂದ್ಲು. ಹಾಡಿದ್ರ ಎದ್ದು ಹೋಗಿಬಿಡ್ತಾಳಂತ ನಾ ಹಾಡಲಿಲ್ಲೋ ಅಳ್ಯಾ. ಇನ್ನ ಹೋಗ್ಲಿ ಬಿಡು. ಪಾಪ, ಆಕಿನ್ನ ಭಾಳ ದಿನ ಕುಂದ್ರಿಸಿದ್ನಿ.”