ಅಂಡಮಾನ್, ವಯಾ ಗುರುಗುಂಟಾ

ಪಾಠ ಹೇಳುವವನು ತಾನು ಹೇಳಿದ್ದನ್ನೆಲ್ಲ ಕಣ್ಣಾರೆ ಕಂಡಿರಬೇಕು ಎಂಬ ಕಾಯ್ದೆ ಸದ್ಯ ಎಲ್ಲೂ ಇಲ್ಲ. ಇದ್ದಿದ್ದರೆ ನನ್ನ ನೌಕರಿ ಎಂದೋ ಹೋಗುತ್ತಿತ್ತು. ಮಸ್ಕಿಯ ಶಾಲೆಯೊಂದರಲ್ಲಿ ಹನ್ನೆರಡು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. 'ನಾಲ್ಕೂ ಕಡೆ ನೀರಿನಿಂದ ಆವೃತವಾದ ಭೂಭಾಗವೇ ದ್ವೀಪ' ಎಂದು ಹಲಗೆಯ ಮೇಲೆ ಬರೆದು, ಒಂದು ಗುಂಡನೆಯ ಚಿತ್ರ ಬಿಡಿಸಿ, ಸುತ್ತಲೂ ನೀಲಿ ಸೀಮೆಸುಣ್ಣ ತಿಕ್ಕಿ, ಕೈ ಝಾಡಿಸಿಕೊಂಡು ಸಂಜೆಯ ಬಸ್ಸಿಗೆ ಸಿಂಧನೂರಿನ ಮನೆಗೆ ಬಂದುಬಿಡುತ್ತೇನೆ. ಸಮುದ್ರವನ್ನು ಮಾತ್ರ ನಾನು ಕಂಡಿಲ್ಲ. ಅದಕ್ಕಿಂತ ದೊಡ್ಡ ಗುಟ್ಟು ಇನ್ನೊಂದಿದೆ. ನನಗೆ ನೀರೆಂದರೆ ಜೀವಭಯ. ನಮ್ಮೂರಿನ ಸುತ್ತ ಎತ್ತ ನೋಡಿದರೂ ಕಾಲುವೆ, ಭತ್ತದ ಗದ್ದೆ. ಜವಳಗೇರಾದ ಕಡೆ ಹೋಗುವಾಗ ಕಾಲುವೆಯ ಸೇತುವೆ ಬಂದರೆ ಬೈಕಿನ ವೇಗ ಇಳಿಸಿ ರಸ್ತೆಯ ನಟ್ಟನಡುವೆ ಹೋಗುತ್ತೇನೆ. ಹಿಂದಿನ ಟ್ರ್ಯಾಕ್ಟರಿನವನು ಹಾರನ್ ಹೊಡೆದು, ನನ್ನ ವಂಶವನ್ನೆಲ್ಲ ನೆನೆದರೂ ಸರಿಯುವುದಿಲ್ಲ. ಈ ಸಂಗತಿಯನ್ನು ಹೆಂಡತಿ ರೇಣುಕಾಳಿಗೂ ತಿಳಿಯದಂತೆ ಕಾಪಾಡಿಕೊಂಡು ಬಂದಿದ್ದೆ.

ಕೆಡಿಸಿದ್ದು ಒಂದು ಕ್ಯಾಲೆಂಡರು. ಯಾರೋ ಕೊಟ್ಟದ್ದು. ಅದರ ಒಂದು ಹಾಳೆಯಲ್ಲಿ ನೀಲಿ ನೀರು, ಬಿಳಿ ಮರಳು, ಬಾಗಿದ ತೆಂಗಿನಮರ. ಆರು ವರ್ಷದ ಮಗಳು ಸೃಷ್ಟಿ ಅದರ ಮುಂದೆ ನಿಂತು, "ಅಪ್ಪಾ, ಇದು ಎಲ್ಲಿ ಐತಿ?" ಎಂದಳು. "ಅಂಡಮಾನ್‌ದಾಗ." "ನಾವು ಯಾವಾಗ ಹೋಗೂದು?" ನನ್ನ ಬಾಯಲ್ಲಿ ಆಗ ಬಿಸಿ ಮಿರ್ಚಿ ಭಜಿ ಇತ್ತು. ಬಾಯಲ್ಲಿ ಭಜಿ ಇದ್ದಾಗ ಮನುಷ್ಯ ಯಾರಿಗೂ ಇಲ್ಲ ಎನ್ನಲಾರ. "ಬ್ಯಾಸಿಗಿ ರಜಾಕ್ಕ" ಎಂದುಬಿಟ್ಟೆ. ಮರುದಿನ ಅವಳು ಆ ಸುದ್ದಿಯನ್ನು ತರಗತಿಗೆ, ಮಿಸ್ಸಿಗೆ, ಶಾಲೆಯ ಆಟೋದವರಿಗೆ ಹೇಳಿ ಬಂದಳು. ಎರಡೇ ದಿನದಲ್ಲಿ ಕಾಯಿಪಲ್ಯದ ಅಂಗಡಿಯಾಕೆ, "ಏನ್ರೀ ಸರ್, ಅಂಡಮಾನಿಗೆ ಹೊಂಟೀರಂತಲ್ಲ?" ಎಂದು ಕೊತ್ತಂಬರಿ ಒಂದು ಹಿಡಿ ಹೆಚ್ಚಿಗೆ ಹಾಕಿದಳು. ಇನ್ನು ಹಿಂದೆ ಸರಿದರೆ ಹೋಗುವುದು ನನ್ನ ಮಾನವಲ್ಲ, ಮಗಳ ಮಾನ.

ರೇಣುಕಾ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವವಳು. ಅವಳಿಗೆ ಯಾವುದೇ ಸಂತೋಷವಿರಲಿ, ಅದಕ್ಕೊಂದು ಯಾದಿ ಬೇಕು. ಹೊಸ ನೋಟುಪುಸ್ತಕ ತೆಗೆದು ಬರೆಯತೊಡಗಿದಳು: ಕಟಕ ರೊಟ್ಟಿ ಅರವತ್ತು, ಶೇಂಗಾ ಹಿಂಡಿ ಒಂದು ಡಬ್ಬಿ, ಮಕ್ಕಳ ಔಷಧಿ, ಟೊಪ್ಪಿಗೆ, ಅತ್ತೆಯ ಹಳೆ ಸೀರೆ ಒಂದು. ಈ ಕೊನೆಯದು ಮೂರು ವರ್ಷದ ಮಗ ಶರಣುವಿಗಾಗಿ. ಅಜ್ಜಿಯ ಸೀರೆಯ ಸೆರಗು ಮುಷ್ಟಿಯಲ್ಲಿ ಇಲ್ಲದಿದ್ದರೆ ಅವನು ಮಲಗುವುದೂ ಇಲ್ಲ, ಮಲಗಗೊಡುವುದೂ ಇಲ್ಲ. "ರೀ, ವಿಮಾನದಾಗ ಮಸರು ಬಿಡ್ತಾರೇನು?" ಎಂದು ಅವಳು ಕೇಳಿದರೆ, ಸೃಷ್ಟಿಯ ಚಿಂತೆಯೇ ಬೇರೆ. ಬೇಸಿಗೆಯಲ್ಲಿ ನಮ್ಮ ಕಾಲುವೆ ಒಣಗಿರುವುದನ್ನು ನೋಡಿ ಬೆಳೆದ ಹುಡುಗಿ. "ಅಪ್ಪಾ, ನಾವು ಹೋದಾಗ ಸಮುದ್ರಕ್ಕ ನೀರು ಬಿಟ್ಟಿರ್ತಾರ?" ಎಂದಳು. ಬಿಟ್ಟಿರದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದುಕೊಂಡೆ.

ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವ ಇದನ್ನೆಲ್ಲ ಕೇಳಿಸಿಕೊಂಡು, "ದ್ವೀಪ ಅಂದ್ರ ಏನಲೇ ಅದು?" ಎಂದಳು. ನಾನು ಹನ್ನೆರಡು ವರ್ಷದ ನನ್ನ ವಾಕ್ಯವನ್ನು ಒಪ್ಪಿಸಿದೆ. ಅವ್ವ ಮೊರ ಕೆಳಗಿಟ್ಟಳು. "ಅಂದ್ರ ನಡುಗಡ್ಡಿ!"

ಅವ್ವನ ತವರು ಲಿಂಗಸುಗೂರು ತಾಲೂಕಿನಲ್ಲಿ, ಗುರುಗುಂಟಾ ದಾಟಿ ಕೃಷ್ಣೆಯ ದಂಡೆಯಲ್ಲಿದೆ. ಹೊಳೆಯ ನಡುವಿನ ಗಡ್ಡೆಯಲ್ಲಿ ಅವಳ ತಮ್ಮ ಹನುಮಂತಮಾವ ಆಡು ಮೇಯಿಸುತ್ತಾನೆ. ಮಳೆಗಾಲದಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಅಲ್ಲಿದ್ದವರನ್ನು ದಡಕ್ಕೆ ತರುವುದೇ ದೊಡ್ಡ ಸಂಭ್ರಮ. "ಹೊಳಿ ಬಂತಂದ್ರ ಸರಕಾರದವ್ರು ಬೋಟು ತಂದು, ಕೈಮುಗುದು, ಮಂದೀನ ನಡುಗಡ್ಡ್ಯಾಗಿಂದ ಹೊರಗ ಕರಕೊಂಡು ಬರ್ತಾರ. ನೀ ರೊಕ್ಕ ಕೊಟ್ಟು, ಸಣ್ಣ ಕೂಸುಗಳ್ನ ಕಟಿಗೊಂಡು ಒಳಗ ಹೊಂಟೀ? ಸಾಲಿ ಕಲಿಸೂ ಮಾಸ್ತರಲೇ ನೀ?"

ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಹೋಳಿಗೆ ತಿಂದಷ್ಟು ಖುಷಿಯಾಯಿತು. ನಾನು ಬೇಡವೆನ್ನಬೇಕಿಲ್ಲ, ಅವ್ವನೇ ಬೇಡವೆಂದಳು! ಮುಖ ಸಣ್ಣದು ಮಾಡಿಕೊಂಡು, "ಹಿರ್ಯಾರ ಮಾತು ಮೀರಬಾರ್ದು" ಎಂದೆ. ಸೃಷ್ಟಿ ಅಳಲಿಲ್ಲ. ಕುರ್ಚಿ ಎಳೆದುಕೊಂಡು ಹೋಗಿ, ಕ್ಯಾಲೆಂಡರಿನ ಆ ಹಾಳೆಯನ್ನು ಹಿಂದಕ್ಕೆ ಮಡಚಿ, ಬಂದು ಸುಮ್ಮನೆ ಕುಳಿತಳು. ಅತ್ತಿದ್ದರೆ ಅವ್ವ ಕರಗುತ್ತಿರಲಿಲ್ಲ. ಮೊಮ್ಮಗಳು ಸುಮ್ಮನಿದ್ದದ್ದನ್ನು ಅವಳಿಗೆ ತಡೆಯಲಾಗಲಿಲ್ಲ. ನನಗೂ ನನ್ನ ಖುಷಿಯ ಬಗ್ಗೆ ನಾಚಿಕೆಯಾಯಿತು, ಆದರೆ ಸ್ವಲ್ಪ ತಡವಾಗಿ. ಬೆಳಿಗ್ಗೆ ಚಹಾದ ಹೊತ್ತಿಗೆ ಅವ್ವನ ತೀರ್ಪು ಬಂತು: "ಸಂಕ್ರಮಣಕ್ಕ ಹೆಂಗೂ ಹೊಳಿಗೆ ಹೋಗೂದೈತಿ. ಮೊದ್ಲ ನಮ್ಮ ನಡುಗಡ್ಡಿಗೆ ಬರ್ರಿ. ನೀರಾಗ ಯಾರ್‍ಯಾರು ಹೆಂಗ ಇರ್ತೀರಿ ನೋಡ್ತೀನಿ. ಪಾಸಾದ್ರ ಅಂಡಮಾನು."

ಹೀಗೆ, ಪರೀಕ್ಷೆ ನಡೆಸಿ ನಡೆಸಿ ಕೂದಲು ಹಣ್ಣಾದ ನಾನು ಪರೀಕ್ಷೆಗೆ ಕುಳಿತೆ. ಸಂಕ್ರಾಂತಿಯ ಮುಂಜಾನೆ ಸಿಂಧನೂರು ಬಿಟ್ಟು ಮಸ್ಕಿ, ಲಿಂಗಸುಗೂರು, ಗುರುಗುಂಟಾ ದಾಟಿ ಹೊಳೆ ಮುಟ್ಟಿದೆವು. ಎಳ್ಳು ಹಚ್ಚಿಕೊಂಡು ದಂಡೆಯಲ್ಲೇ ಎಲ್ಲರೂ ಮಿಂದರು. ನಾನು ಚೊಂಬಿನಲ್ಲಿ ಮಿಂದೆ. ಆಮೇಲೆ ಹನುಮಂತಮಾವ ಬುಟ್ಟಿಯಂಥ ಹರಿಗೋಲನ್ನು ನೀರಿಗಿಳಿಸಿದ. ಅವ್ವ ಸೆರಗು ಬಿಗಿದು ಹತ್ತಿದಳು. ಮಕ್ಕಳು ಜಾತ್ರೆಯ ತೊಟ್ಟಿಲಿಗೆ ಹತ್ತುವಂತೆ ಹತ್ತಿದರು. ರೇಣುಕಾ ರೊಟ್ಟಿಯ ಗಂಟಿನೊಂದಿಗೆ ಹತ್ತಿದಳು. ನಾನು ಒಂದು ಕಾಲಿಟ್ಟೆ. ಹರಿಗೋಲು ಮೆಲ್ಲಗೆ ಒಂದು ಸುತ್ತು ತಿರುಗಿತು. "ಯವ್ವಾ!" ಎಂದು ನಾನು ಕೂಗಿದ ಕೂಗಿಗೆ ಆಚೆಯ ಗಡ್ಡೆಯಲ್ಲಿ ಆಡುಗಳೆಲ್ಲ ಮೇವು ಬಿಟ್ಟು ತಲೆಯೆತ್ತಿ ನೋಡಿದವು.

"ಮಾಸ್ತರ, ಅಲ್ಲಾಡಬ್ಯಾಡ್ರಿ. ನೀವು ಅಲ್ಲಾಡಿದ್ರ ಇದೂ ಅಲ್ಲಾಡತೈತಿ" ಎಂದ ಮಾವ. ನಡುಹೊಳೆಯಲ್ಲಿ ಕಣ್ಣುಬಿಟ್ಟು ನೋಡಿಕೊಂಡರೆ ನಾನು ಹರಿಗೋಲಿನ ತಳದಲ್ಲಿ ಕುಕ್ಕರಗಾಲಲ್ಲಿದ್ದೆ. ಅವ್ವನ ಸೆರಗಿನ ಒಂದು ತುದಿ ಶರಣುವಿನ ಮುಷ್ಟಿಯಲ್ಲಿತ್ತು, ಇನ್ನೊಂದು ಭಾಗ ನನ್ನ ಮುಷ್ಟಿಯಲ್ಲಿ. ಶರಣು ನನ್ನನ್ನು ಪಾಲು ಕೇಳಲು ಬಂದ ದಾಯಾದಿಯಂತೆ ನೋಡುತ್ತಿದ್ದ. ರೇಣುಕಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಮದುವೆಯಾದಾಗಿನಿಂದ ಹತ್ತು ವರ್ಷ ಕಾಪಾಡಿದ ಗುಟ್ಟು ಕೃಷ್ಣೆಯ ಪಾಲಾಯಿತು.

ಆದರೆ ಗಡ್ಡೆಯ ಮೇಲೆ ಕಾಲಿಟ್ಟ ಮೇಲಿನದು ಬೇರೆ ಮಾತು. ಬೆಚ್ಚಗಿನ ಬಂಡೆ, ಸುತ್ತ ತಿಳಿನೀರು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ. ಊಟ ಮುಗಿದದ್ದೇ ಸೃಷ್ಟಿ ಕೈ ಹಿಡಿದೆಳೆದಳು: "ಅಪ್ಪಾ, ನಾಕೂ ಕಡಿ ನೀರು ಐತೇನು, ನೋಡೂನು ಬಾ." ಅಪ್ಪ-ಮಗಳು ಗಡ್ಡೆಯ ಅಂಚಿಗೇ ಒಂದು ಸುತ್ತು ಹಾಕಿದೆವು. ಇತ್ತ ನೀರು, ಅತ್ತ ನೀರು, ಮುಂದೆ ನೀರು, ಹಿಂದೆ ನೀರು. ಹೊರಟ ಬಂಡೆಗೇ ವಾಪಸು ಬಂದಾಗ ಅವಳು ಚಪ್ಪಾಳೆ ತಟ್ಟಿ, "ನೀ ಹೇಳಿದ್ದು ಖರೇ ಐತಪ್ಪಾ!" ಎಂದಳು. ಹನ್ನೆರಡು ವರ್ಷದಲ್ಲಿ ನನ್ನ ಪಾಠವನ್ನು ಯಾರೂ ಹೀಗೆ ಪರೀಕ್ಷಿಸಿ ಒಪ್ಪಿರಲಿಲ್ಲ. ಅಷ್ಟು ಸುಖವಾದ ಮಧ್ಯಾಹ್ನ ನನ್ನ ಬದುಕಿನಲ್ಲಿ ಹೆಚ್ಚಿಲ್ಲ. ಆ ಸುಖದಲ್ಲೇ ಸ್ವಲ್ಪ ಮುಂದುವರಿದು, "ಇದೂ ದ್ವೀಪಾನ ಅಲ್ಲೇನವ್ವಾ? ಇಷ್ಟ ಸಾಕಲ್ಲ?" ಎಂದು ಮಗಳನ್ನು ಕೇಳಿ ನೋಡಿದೆ. ಅವಳು ಬಗ್ಗಿ, ಬೊಗಸೆಯಲ್ಲಿ ನೀರೆತ್ತಿ ನೆಕ್ಕಿ, "ಉಪ್ಪಿಲ್ಲ" ಎಂದು ಚೆಲ್ಲಿದಳು. ವಿಷಯ ಅಲ್ಲಿಗೆ ಮುಗಿಯಿತು. ಶರಣು ಮಾತ್ರ ಅದೇ ಅಂಡಮಾನ್ ಎಂದು ನಂಬಿ, ಅಲ್ಲಿ ಬರೀ ಆಡುಗಳಿರುತ್ತವೆ ಎಂದು ಓಣಿಯಲ್ಲೆಲ್ಲ ಈಗಲೂ ಹೇಳುತ್ತಿದ್ದಾನೆ.

ಮನೆಗೆ ಬಂದ ಮೇಲೆ ಅವ್ವ ಫಲಿತಾಂಶ ಹೇಳಿದಳು. "ಹುಡುಗ್ರು ಪಾಸ್ ಆಗ್ಯಾವ. ಸೊಸಿನೂ ಪಾಸ್. ಹೋಗಿ ಬರ್ರಿ. ನಾ ಒಲ್ಲೆ, ನನಗ ನಮ್ಮ ನಡುಗಡ್ಡಿನ ಸಾಕು." ನನ್ನ ಫಲಿತಾಂಶ ಏನು ಎಂದು ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಸೃಷ್ಟಿ ಕುರ್ಚಿ ಹತ್ತಿ ಮಡಚಿದ್ದ ಹಾಳೆಯನ್ನು ಮತ್ತೆ ಬಿಚ್ಚಿದಳು. ಟಿಕೀಟೂ ಆಯಿತು.

ನಿನ್ನೆ ರೇಣುಕಾಳ ನೋಟುಪುಸ್ತಕ ತೆರೆದು ನೋಡಿದೆ. ರೊಟ್ಟಿ ಅರವತ್ತೇ ಇದ್ದವು. 'ಅತ್ತೆಯ ಹಳೆ ಸೀರೆ' ಎಂಬಲ್ಲಿ ಮಾತ್ರ ಒಂದನ್ನು ಹೊಡೆದುಹಾಕಿ ಎರಡು ಎಂದು ಬರೆದಿತ್ತು. "ಎರಡ್ಯಾಕ? ಶರಣೂಗ ಒಂದು ಸಾಕಲ್ಲ?" ಎಂದೆ. ರೇಣುಕಾ ಒಲೆಯ ಕಡೆ ತಿರುಗಿದಳು. ಸೃಷ್ಟಿಯೇ ಸಮಾಧಾನದ ದನಿಯಲ್ಲಿ, "ಇನ್ನೊಂದು ನಿನಗಪ್ಪಾ. ಬೋಟಿನ್ಯಾಗ ಬೇಕಾಗತೈತಲ್ಲ" ಎಂದಳು.

ಮನೆಯ ಯಜಮಾನ ನಾನು. ಮಾತಿಲ್ಲದೆ ಇರುವುದು ಸರಿಯಲ್ಲ. ಗಂಟಲು ಸರಿಮಾಡಿಕೊಂಡು, ಹರಿಯದಂಥ ಗಟ್ಟಿ ಸೀರೆಯನ್ನೇ ನೋಡಿ ಇಡಲು ಹೇಳಿದೆ.